ನೀಲಿ ಡ್ರಮ್ಮು ಮತ್ತು ಅದರ ಅವಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಪಾಠ ಮಾಡುವ ಎಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪಿನ ಹಿಂದೆ, ತಗಡಿನ ಶೆಡ್ಡಿನಲ್ಲಿ, 200 ಲೀಟರಿನ ಒಂದು ನೀಲಿ ಡ್ರಮ್ಮಿದೆ. ಅದರ ಬುಡದಲ್ಲಿ 10 ಮಿಲಿಮೀಟರಿನ ತೂತು. ಬಾಯಿಗೆ ಅಡ್ಡಪಟ್ಟಿ ಹೊಡೆದು ಒಂದು ಸೆನ್ಸರ್ ಕೂರಿಸಿದ್ದೇವೆ. ಅದು ನಮ್ಮ ಕಿವಿಗೆ ಕೇಳದಂಥ ಸದ್ದನ್ನು ನೀರಿನ ಮೇಲೆ ಬಿಡುತ್ತದೆ. ಸದ್ದು ಮರಳಿ ಬರಲು ಹಿಡಿದ ಹೊತ್ತಿನಿಂದ ನೀರು ಎಷ್ಟು ಕೆಳಗಿದೆ ಎಂದು ತಿಳಿಸುತ್ತದೆ. ಆ ಅಳತೆ ವೈಫೈ ಮೂಲಕ ಲ್ಯಾಬಿನ ಕಂಪ್ಯೂಟರಿಗೆ ಹೋಗುತ್ತಲೇ ಇರುತ್ತದೆ. ಕಂಪ್ಯೂಟರಿನೊಳಗೆ ಇನ್ನೊಂದು ಡ್ರಮ್ಮಿದೆ. ಅದು ಬರೀ ಲೆಕ್ಕದ ಡ್ರಮ್ಮು. ಇಲ್ಲಿ ನೀರು ಇಳಿದ ಹಾಗೆ ಅಲ್ಲಿಯೂ ಇಳಿಯಬೇಕು. ಡಿಜಿಟಲ್ ಟ್ವಿನ್ ಎಂಬುದು ಶುರುವಾಗುವುದು ಇಲ್ಲಿಂದ. ನಾವು ಅದನ್ನು ಡಿಜಿಟಲ್ ಅವಳಿ ಎನ್ನೋಣ.

2002ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಗ್ರೀವ್ಸ್ ಈ ಕಲ್ಪನೆಯನ್ನು ಮುಂದಿಟ್ಟರು. ಆದರೆ ಅದರ ಬೇರು ಇನ್ನೂ ಹಿಂದಿನದು. 1970ರ ಏಪ್ರಿಲ್ 13ರಂದು, ಭೂಮಿಯಿಂದ 3 ಲಕ್ಷ ಕಿಲೋಮೀಟರಿಗೂ ಆಚೆ, ಚಂದ್ರನತ್ತ ಹೊರಟಿದ್ದ ಅಪೋಲೋ 13 ನೌಕೆಯ ಆಮ್ಲಜನಕದ ತೊಟ್ಟಿ ಸಿಡಿಯಿತು. ನೌಕೆಯನ್ನು ಕಣ್ಣಾರೆ ನೋಡಲು ಹ್ಯೂಸ್ಟನ್‌ನ ನಾಸಾ ನಿಯಂತ್ರಣ ಕೇಂದ್ರದಲ್ಲಿದ್ದ ಯಾರಿಗೂ ಆಗುವಂತಿರಲಿಲ್ಲ. ಆದರೆ ಅವರ ಹತ್ತಿರ ಸಿಮ್ಯುಲೇಟರುಗಳಿದ್ದವು, ಅಂದರೆ ನೌಕೆಯ ಹಾಗೆಯೇ ನಡೆದುಕೊಳ್ಳುವ ತರಬೇತಿಯ ಯಂತ್ರಗಳು. ಅವನ್ನು ನೌಕೆಯ ಆಗಿನ ಸ್ಥಿತಿಗೆ ತಂದು, ಇರುವ ಅಷ್ಟಿಷ್ಟು ವಿದ್ಯುತ್ತಿನಲ್ಲಿ ಯಾವ ಸ್ವಿಚ್ಚನ್ನು ಯಾವುದರ ನಂತರ ಒತ್ತಬೇಕು ಎಂದು ಭೂಮಿಯಲ್ಲೇ ಉಳಿದಿದ್ದ ಗಗನಯಾತ್ರಿ ಕೆನ್ ಮ್ಯಾಟಿಂಗ್ಲಿ ಮತ್ತು ಜೊತೆಯವರು ಮಾಡಿ ನೋಡಿದರು. ನೌಕೆಯಲ್ಲಿದ್ದ ಮೂವರೂ ಗಗನಯಾತ್ರಿಗಳು ಜೀವಂತ ಮರಳಿದರು. ದೂರದಲ್ಲಿರುವ ವಸ್ತುವಿನ ಈ ಗಳಿಗೆಯ ಸ್ಥಿತಿಯನ್ನು ಇಲ್ಲಿ ತಂದಿಟ್ಟುಕೊಂಡು ನಿರ್ಧಾರ ಮಾಡುವುದು, ಇದೇ ಅವಳಿಯ ತಿರುಳು.

ತರಗತಿಯಲ್ಲಿ ಮೊದಲ ದಿನವೇ ಮೂರು ಮಾತು ಬೇರೆಬೇರೆ ಮಾಡಿ ಹೇಳುತ್ತೇನೆ. ಅಳತೆಯನ್ನು ನಾವೇ ಕೈಯಿಂದ ತುಂಬಿಸಿದರೆ ಅದು ಮಾದರಿ. ಅಳತೆ ತಾನಾಗಿ ಬಂದು ಸೇರುತ್ತಿದ್ದರೆ ಅದು ನೆರಳು. ಅಳತೆ ತಾನಾಗಿ ಬಂದು, ಅದನ್ನು ನೋಡಿ ಕಂಪ್ಯೂಟರು ತಿರುಗಿ ಪಂಪಿಗೆ "ಶುರುವಾಗು" ಎಂದು ಹೇಳಿ ಕಳಿಸುವಂತಾದರೆ ಮಾತ್ರ ಅದು ಅವಳಿ. ಪರದೆಯ ಮೇಲೆ ಬಣ್ಣಬಣ್ಣವಾಗಿ ತಿರುಗುವ ಯಂತ್ರದ ಚಿತ್ರವನ್ನೆಲ್ಲ ಅವಳಿ ಎಂದು ಕರೆಯುವ ರೂಢಿ ಬಂದಿದೆ. ವಿದ್ಯಾರ್ಥಿಗಳಿಗೆ ಆ ಚಿತ್ರವನ್ನೇ ಮೊದಲು ತೋರಿಸುವುದು ತಪ್ಪು ಎಂದು ನನಗೆ ಗಟ್ಟಿಯಾಗಿ ಅನ್ನಿಸಿದೆ. ದುಬಾರಿ ಸಾಫ್ಟ್‌ವೇರು ಆಮೇಲೆ ಬರಲಿ. ನಮ್ಮ ಡ್ರಮ್ಮಿನ ಅಳತೆ ಕಳಿಸುವ ಎಲೆಕ್ಟ್ರಾನಿಕ್ ಬೋರ್ಡು, ಸೆನ್ಸರ್ ಎರಡೂ ಸೇರಿ 1000 ರೂಪಾಯಿ ದಾಟಲಿಲ್ಲ.

ಮೊದಲ ಸಲ ನೀರು ಬಿಟ್ಟಾಗ ಏನಾಯಿತು ಹೇಳುತ್ತೇನೆ. ತೂತಿನಿಂದ ನೀರು ಎಷ್ಟು ವೇಗದಲ್ಲಿ ಹೊರಬರುತ್ತದೆ ಎಂಬುದಕ್ಕೆ ಟಾರಿಚೆಲ್ಲಿಯ ಸೂತ್ರವಿದೆ, ಪಿಯುಸಿಯಲ್ಲೇ ಓದಿರುತ್ತಾರೆ. ಆ ಸೂತ್ರ ಹಾಕಿದ ಲೆಕ್ಕದ ಡ್ರಮ್ಮು 22 ನಿಮಿಷಕ್ಕೆ ಬರಿದಾಯಿತು. ಶೆಡ್ಡಿನ ಡ್ರಮ್ಮು ಖಾಲಿಯಾಗಲು 36 ನಿಮಿಷ ಹಿಡಿಯಿತು. "ಸರ್, ಸೆನ್ಸರ್ ಕೆಟ್ಟಿದೆ" ಎಂದರು ಹುಡುಗರು. ಕೆಟ್ಟಿರಲಿಲ್ಲ. ತೂತಿನಿಂದ ಚಿಮ್ಮುವ ನೀರಿನ ಧಾರೆಯನ್ನು ಹತ್ತಿರ ಹೋಗಿ ನೋಡಿ ಎಂದೆ. ಹೊರಬಂದ ಕೂಡಲೇ ಧಾರೆ ಸೊರಗುತ್ತದೆ. ತೂತಿನಷ್ಟು ದಪ್ಪ ಇರುವುದೇ ಇಲ್ಲ. ಅದಕ್ಕೇ ಸೆಕೆಂಡಿಗೆ ಎಷ್ಟು ನೀರು ಹೊರಬೀಳುತ್ತದೆ ಎಂಬ ಲೆಕ್ಕವನ್ನು ಸುಮಾರು 0.6ರಿಂದ ಗುಣಿಸಬೇಕು. ಪುಸ್ತಕದಲ್ಲಿ ಆ ಅಂಕಿ ಇದೆ, ಪರೀಕ್ಷೆಯಲ್ಲಿ ಬರೆದೂ ಬರೆದಿದ್ದರು. ಅದು ಯಾಕಿದೆ ಎಂದು ಅವತ್ತು ಮಂಡಿಯೂರಿ ಕೂತು ನೋಡಿದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಲ್ಯಾಬುಗಳಲ್ಲಿ ರೀಡಿಂಗ್ ತಿದ್ದುವ ಚಾಳಿ ಹಳೆಯದು. ಪುಸ್ತಕದ ಉತ್ತರ ಬರದಿದ್ದರೆ ಅಂಕ ಹೋಗುತ್ತದೆಂಬ ಭಯಕ್ಕೆ ಹುಡುಗರು ಸೀನಿಯರ್‌ಗಳ ರೆಕಾರ್ಡು ನೋಡಿ ಅಂಕಿ ತುಂಬುತ್ತಾರೆ. ಅವಳಿಯ ಲ್ಯಾಬಿನಲ್ಲಿ ನಾನು ಅಂಕ ಕೊಡುವುದು ಎರಡು ಡ್ರಮ್ಮುಗಳ ನಡುವಿನ ವ್ಯತ್ಯಾಸಕ್ಕೆ. ಎಷ್ಟು ತಪ್ಪಿತು, ಯಾವಾಗ ತಪ್ಪಿತು, ಯಾಕೆ ತಪ್ಪಿತು, ಅದನ್ನು ಬರೆಯಿರಿ. ಹೀಗೆ ಮಾಡಿದ ಮೇಲೆ ತಿದ್ದಿದ ರೀಡಿಂಗ್ ನನಗೆ ಸಿಕ್ಕಿಲ್ಲ. ತಿದ್ದಿದರೆ ಬರೆಯಲು ಏನೂ ಉಳಿಯುವುದೇ ಇಲ್ಲವಲ್ಲ.

ಒಂದು ಏಪ್ರಿಲ್ ತಿಂಗಳ ಮಧ್ಯಾಹ್ನ ನಮ್ಮ ಡ್ರಮ್ಮು ಎಲ್ಲರನ್ನೂ ಬೆಚ್ಚಿಬೀಳಿಸಿತು. ಬೆಳಗ್ಗೆ ತೂತಿಗೆ ಬಿರಡೆ ಹಾಕಿ, ತಳದಲ್ಲಿ ಒಂದು ಗೇಣು ನೀರು ಉಳಿಸಿ ಬಂದಿದ್ದೆವು. ಎರಡು ಗಂಟೆಯ ಹೊತ್ತಿಗೆ ಪರದೆಯ ಮೇಲೆ ನೀರು ಸುಮಾರು 2 ಸೆಂಟಿಮೀಟರ್ ಏರಿತ್ತು. ಅಂದರೆ 4 ಲೀಟರಿಗೂ ಹೆಚ್ಚು. ನಲ್ಲಿ ಬಂದ್, ಪಂಪು ಬಂದ್. ಅಳತೆಕೋಲು ಇಳಿಸಿ ನೋಡಿದರೆ ನೀರು ಇದ್ದಲ್ಲೇ ಇದೆ! ಎರಡು ದಿನ ಹುಡುಗರು ವೈರು, ಕಂಪ್ಯೂಟರಿನ ಕೋಡು ಎಲ್ಲ ಜಾಲಾಡಿದರು. ಮೂರನೆಯ ದಿನ ಎಲೆಕ್ಟ್ರಾನಿಕ್ಸ್ ವಿಭಾಗದ ಒಬ್ಬ ಹುಡುಗಿ, "ಸರ್, ಶೆಡ್ಡಿನ ಕಾವು ನೋಡಿದ್ದೀರಾ?" ಎಂದಳು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸದ್ದಿನ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ. ನಮ್ಮ ಕೋಡಿನಲ್ಲಿ 20 ಡಿಗ್ರಿಯ ವೇಗ ಬರೆದು ಬಿಟ್ಟಿದ್ದೆವು. ಬಿಸಿಲಿಗೆ ಸದ್ದು ಬೇಗ ಮರಳಿತು. ನೀರು ಹತ್ತಿರ ಬಂದಿದೆ ಎಂದು ಕಂಪ್ಯೂಟರು ತಿಳಿಯಿತು. ಆ ಹುಡುಗಿಯೇ ಉಷ್ಣತೆಯ ಇನ್ನೊಂದು ಸೆನ್ಸರ್ ತಂದು ಕಟ್ಟಿದಳು. ಆವತ್ತು ಪಂಪನ್ನು ಅವಳಿಯ ಕೈಗೆ ಕೊಟ್ಟಿದ್ದಿದ್ದರೆ, ಇಲ್ಲದ ನೀರನ್ನು ನಂಬಿ ಅದು ಸುಮ್ಮನೆ ಕೂತಿರುತ್ತಿತ್ತು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದು ನಿಮಗೆಲ್ಲ ನೆನಪಿರಬಹುದು. ಮರುವಾರ ತರಗತಿಯಲ್ಲಿ ಒಬ್ಬ ಕೇಳಿದ: "ಡ್ಯಾಮಿಗೊಂದು ಅವಳಿ ಇದ್ದಿದ್ದರೆ ಮೊದಲೇ ಗೊತ್ತಾಗುತ್ತಿತ್ತಾ ಸರ್?" ಅವನ ಊರಿನ ಗದ್ದೆಗೆ ಅದೇ ಡ್ಯಾಮಿನ ಕಾಲುವೆಯ ನೀರು. ನಾನು ಹೇಳಿದ್ದು ಇಷ್ಟು: ನೀರಿನ ಮಟ್ಟವೊಂದನ್ನೇ ಅಳೆಯುವ ಅವಳಿಗೆ ಸರಪಳಿಯ ಸುದ್ದಿ ಗೊತ್ತಿರುವುದಿಲ್ಲ. ಕೊಂಡಿ ಎಷ್ಟು ಸವೆದಿದೆ, ಅದರ ಮೇಲೆ ಎಷ್ಟು ಭಾರ ಬೀಳುತ್ತಿದೆ ಎಂದು ಯಾರಾದರೂ ಅಳೆದು ಕೊಟ್ಟರೆ ಅವಳಿ ಹೇಳೀತು. ಏನನ್ನು ಅಳೆಯಬೇಕೆಂದು ಆರಿಸುವವರು ಮನುಷ್ಯರು. ಆ ಆಯ್ಕೆ ಮಾಡಲು ಗೇಟಿನ ಬಗ್ಗೆ ಗೊತ್ತಿರಬೇಕು, ಕಬ್ಬಿಣದ ಬಗ್ಗೆ ಗೊತ್ತಿರಬೇಕು, ಗೇಟು ಎತ್ತಿಳಿಸುವವರ ಹತ್ತಿರ ಕೂತು ಮಾತಾಡಿರಬೇಕು. ಆ ವಾರ ಹುಡುಗರು ಗೇಟಿನ ಮೇಲೆ ಅಳೆಯಬೇಕಾದ ಸಂಗತಿಗಳ ಪಟ್ಟಿ ಮಾಡಿದರು. ನೀರಿನ ಮಟ್ಟ ಅದರಲ್ಲಿ ಮೊದಲನೆಯದಾಗಿರಲಿಲ್ಲ.

ಈ ಪಾಠವನ್ನು ಒಂದೇ ವಿಭಾಗ ಮಾಡಲಾಗದು. ನಮ್ಮ ಡ್ರಮ್ಮಿನ ಸುತ್ತ ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್ ಹುಡುಗರು ಒಟ್ಟಿಗೆ ನಿಲ್ಲುತ್ತಾರೆ. ಟೈಮ್‌ಟೇಬಲ್ ಹೊಂದಿಸುವುದೇ ದೊಡ್ಡ ಕೆಲಸ. ಶನಿವಾರ ಮಧ್ಯಾಹ್ನ ಬರಲು ಅವರೇ ಒಪ್ಪಿದರು.

ಉಷ್ಣತೆಯ ಸೆನ್ಸರ್ ಕಟ್ಟಿದ ಹುಡುಗಿ ಈಗ ಅಂತಿಮ ವರ್ಷದಲ್ಲಿದ್ದಾಳೆ. ಪ್ರಾಜೆಕ್ಟಿಗೆ ಅವಳು ಆರಿಸಿಕೊಂಡಿರುವುದು ಅವರ ಅಪ್ಪನ ಹೊಲದ ಕೃಷಿಹೊಂಡ. ಬೇಸಿಗೆಯಲ್ಲಿ ಹೊಂಡದ ನೀರು ಇಳಿದಾಗ ಬೆಳೆಗೆ ಹೋದದ್ದೆಷ್ಟು, ಆವಿಯಾದದ್ದೆಷ್ಟು, ತಳಕ್ಕೆ ಹಾಸಿದ ಹಾಳೆ ಹರಿದು ಇಂಗಿದ್ದೆಷ್ಟು ಎಂದು ಬೇರ್ಪಡಿಸಬೇಕು. ಹೋದ ವಾರ ಅವಳ ಲೆಕ್ಕಕ್ಕೂ ಹೊಂಡಕ್ಕೂ ದಿನಕ್ಕೆ ಅರ್ಧ ಸೆಂಟಿಮೀಟರ್ ತಾಳೆಯಾಗುತ್ತಿರಲಿಲ್ಲ. ರಾತ್ರಿಯೂ ನೀರು ಇಳಿಯುತ್ತಿದೆಯೇ ಎಂದು ನೋಡಲು ಈ ಭಾನುವಾರ ಊರಿಗೆ ಹೋಗಿದ್ದಾಳೆ.

ನಮಸ್ಕಾರ.