ಶಾರ್ಕ್‌ಗಳನ್ನು ಕರೆಯುವ ಜನ

ಕೇಳುಗರಿಗೆಲ್ಲ ನಮಸ್ಕಾರ.

ಶಾರ್ಕ್ ಅಂದ ಕೂಡಲೇ ನಮ್ಮಲ್ಲಿ ತುಂಬಾ ಜನಕ್ಕೆ ಸಿನಿಮಾ ನೆನಪಾಗುತ್ತದೆ. ನೀರಿನ ಮೇಲೆ ಒಂದು ಈಜುರೆಕ್ಕೆ, ಆಮೇಲೆ ಕಿರುಚಾಟ. ನಮ್ಮ ಕರಾವಳಿಯವರ ಮಾತು ಬೇರೆ, ಅವರು ತಾಟೆ ಮೀನನ್ನು ಮಾರುಕಟ್ಟೆಯಲ್ಲೇ ನೋಡಿರುತ್ತಾರೆ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ದೂರದ ಶಾಂತಸಾಗರದ ದ್ವೀಪಗಳ ವಿಷಯ. ಅಲ್ಲಿನ ಜನ ತಲೆತಲಾಂತರದಿಂದ ಶಾರ್ಕ್‌ಗಳ ನಡುವೆಯೇ ಬದುಕಿದವರು. ಶಾರ್ಕ್ ಬಗ್ಗೆ ವಿಜ್ಞಾನಿಗಳು ಈಚೆಗೆ ಬರೆದಿಟ್ಟ ಕೆಲವು ಸಂಗತಿಗಳು ಅವರ ಕೈಕೆಲಸದಲ್ಲಿ, ಅವರ ಕಥೆಗಳಲ್ಲಿ ಎಂದೋ ಸೇರಿಹೋಗಿದ್ದವು.

ಮೊದಲು ಪಪುವಾ ನ್ಯೂಗಿನಿಗೆ ಹೋಗೋಣ. ಅಲ್ಲಿ ನ್ಯೂ ಐರ್ಲೆಂಡ್ ಅಂತ ಉದ್ದನೆಯ ದ್ವೀಪವಿದೆ. ಅದರ ಪಶ್ಚಿಮ ತೀರದಲ್ಲಿ ಕೊಂಟು, ತೆಂಬಿನ್ ಅನ್ನುವ ಹಳ್ಳಿಗಳು. ಅಲ್ಲಿನ ಕೆಲವು ಗಂಡಸರಿಗೆ ಶಾರ್ಕ್ ಕರೆಯುವ ವಿದ್ಯೆ ಗೊತ್ತು. ಹೌದು, ಕರೆಯುವುದೇ. ಸಮುದ್ರಕ್ಕೆ ಇಳಿಯುವ ಮುಂಚೆ ಅವರು ವ್ರತ ಹಿಡಿಯುತ್ತಾರೆ. ಕೆಲವು ಊಟ ಬಿಡುತ್ತಾರೆ, ಹೆಂಡತಿಯಿಂದ ದೂರ ಇರುತ್ತಾರೆ. ಶಾರ್ಕ್‌ಗಳಿಗೂ ತಮ್ಮ ಹಿರಿಯರ ಆತ್ಮಗಳಿಗೂ ನಂಟಿದೆ ಅಂತ ಅವರ ನಂಬಿಕೆ.

ಆಮೇಲೆ ಸಣ್ಣ ದೋಣಿಯಲ್ಲಿ ಒಬ್ಬನೇ ಹೊರಡುತ್ತಾನೆ. ಕೈಯಲ್ಲಿ ಒಂದು ಗಿಲಕಿ. ಬೆತ್ತವನ್ನು ಬಳೆಯ ಹಾಗೆ ಬಗ್ಗಿಸಿ, ಅದಕ್ಕೆ ತೆಂಗಿನ ಚಿಪ್ಪುಗಳನ್ನು ಸಾಲಾಗಿ ಪೋಣಿಸಿರುತ್ತಾರೆ. ಅದನ್ನು ನೀರಿನಲ್ಲಿ ಅದ್ದಿ ಅಲ್ಲಾಡಿಸುತ್ತಾನೆ. ಚಿಪ್ಪಿಗೆ ಚಿಪ್ಪು ತಾಗಿ ನೀರೊಳಗೆ ಕಟಕಟ ಸದ್ದು. ನಡುನಡುವೆ ಶಾರ್ಕನ್ನು ಕರೆಯುವ ಹಾಡು. ಶಾರ್ಕ್ ಬಂತು ಅಂತಿಟ್ಟುಕೊಳ್ಳಿ, ಗಾಳ ಹಾಕುವುದಿಲ್ಲ. ಹೆಣೆದ ಬೆತ್ತದ ಉರುಳು ಒಂದಿರುತ್ತದೆ, ಅದಕ್ಕೆ ವಿಮಾನದ ಪ್ರೊಪೆಲ್ಲರ್ ಆಕಾರದ ಮರದ ತೇಲುಗಟ್ಟೆ ಕಟ್ಟಿರುತ್ತಾರೆ. ಮೀನಿನ ತುಂಡು ತೋರಿಸಿ ಶಾರ್ಕ್ ತಲೆಯನ್ನು ಉರುಳಿನೊಳಗೆ ತರಬೇಕು. ತಲೆ ದಾಟಿ ಕಿವಿರಿನ ಹತ್ತಿರ ಬಂದಾಗ ಎಳೆದು ಬಿಗಿಯಬೇಕು. ಶಾರ್ಕ್ ಕೆಳಕ್ಕೆ ಮುಳುಗಲು ನೋಡುತ್ತದೆ, ಮರದ ತುಂಡು ಮೇಲಕ್ಕೆ ಎಳೆಯುತ್ತಲೇ ಇರುತ್ತದೆ. ಕೊನೆಗೆ ಸುಸ್ತಾಗುವುದು ಶಾರ್ಕೇ. ಆಗ ಬಡಿಗೆಯ ಏಟು. ಒಬ್ಬ ಮನುಷ್ಯ, ಒಂದು ಪುಟ್ಟ ದೋಣಿ, ಕೈಗೆಟಕುವಷ್ಟು ಹತ್ತಿರದಲ್ಲಿ ಶಾರ್ಕ್. ಎಂಥ ಎದೆಗಾರಿಕೆ ಬೇಕು, ಅಲ್ವಾ!

ಇನ್ನು ಆ ಸದ್ದಿನ ವಿಷಯಕ್ಕೆ ಬರೋಣ. 1963ರಲ್ಲಿ ಡೊನಾಲ್ಡ್ ನೆಲ್ಸನ್ ಮತ್ತು ಸ್ಯಾಮ್ಯುಯೆಲ್ ಗ್ರೂಬರ್ ಅನ್ನುವ ಅಮೆರಿಕದ ಇಬ್ಬರು ಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ನೀರಿನೊಳಗೆ ಸ್ಪೀಕರ್ ಇಳಿಬಿಟ್ಟು, ಕೆಳಗಿನ ಸ್ಥಾಯಿಯ ಸದ್ದನ್ನು ತಡೆದು ತಡೆದು ಕೇಳಿಸಿದರೆ ಶಾರ್ಕ್‌ಗಳು ಅದರತ್ತ ಬರುತ್ತವೆ ಅಂತ ಅವರು ತೋರಿಸಿಕೊಟ್ಟರು. ಗಾಯಗೊಂಡ ಮೀನು ಒದ್ದಾಡುವಾಗ ಬರುವ ಸದ್ದೂ ಅಂಥದ್ದೇ. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟು ಜಾಸ್ತಿ ವೇಗದಲ್ಲಿ ಓಡುತ್ತದೆ. ಹಾಗಾಗಿ ಕಣ್ಣಿಗೆ ಕಾಣುವ ಎಷ್ಟೋ ಮುಂಚೆ ಶಾರ್ಕ್‌ಗೆ ಊಟದ ಸುಳಿವು ಸಿಗುತ್ತದೆ. ಚಿಪ್ಪಿನ ಗಿಲಕಿ ಮಾಡಿದವರಿಗೆ ಸ್ಥಾಯಿಯ ಲೆಕ್ಕ ಬೇಕಿರಲಿಲ್ಲ. ಶಾರ್ಕ್ ಯಾವುದಕ್ಕೆ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಅಂತ ತಲೆಮಾರುಗಟ್ಟಲೆ ನೋಡಿ ತಿಳಿದುಕೊಂಡಿದ್ದರು. ಅದನ್ನು ನಾನು ಪ್ರಯೋಗ ಅಂತಲೇ ಕರೆಯುತ್ತೇನೆ.

ಹವಾಯಿ ದ್ವೀಪಗಳಲ್ಲಿ ಶಾರ್ಕ್ ಇನ್ನೂ ಹತ್ತಿರದ ನೆಂಟ. ಅಲ್ಲಿ ಎಷ್ಟೋ ಮನೆತನಗಳಿಗೆ ‘ಔಮಾಕುವಾ’ ಅಂತ ಕಾಯುವ ಹಿರಿಯ ಆತ್ಮ ಇರುತ್ತದೆ, ನಮ್ಮ ಮನೆದೇವರ ಹಾಗೆ. ಕೆಲವರಿಗೆ ಅದು ಗೂಬೆ, ಕೆಲವರಿಗೆ ಆಮೆ, ಕೆಲವರಿಗೆ ಶಾರ್ಕ್. ತೀರಿಕೊಂಡ ಹಿರಿಯರು ಶಾರ್ಕ್ ರೂಪದಲ್ಲಿ ಬಂದು ಮನೆಯವರನ್ನು ಕಾಯುತ್ತಾರೆ, ಬಲೆಯತ್ತ ಮೀನು ಓಡಿಸಿಕೊಡುತ್ತಾರೆ ಅನ್ನುವ ನಂಬಿಕೆ. ಅಗ್ನಿಪರ್ವತದ ದೇವತೆ ಪೆಲೆಯ ಅಣ್ಣ ಕಾಮೋಹೊಆಲಿಯಿಯೂ ಶಾರ್ಕ್ ದೇವರೇ.

ಪರ್ಲ್ ಹಾರ್ಬರ್ ಹೆಸರು ನೀವೆಲ್ಲ ಕೇಳಿದ್ದೀರಿ. ಹವಾಯಿಯ ಜನ ಆ ಜಾಗವನ್ನು ಪುಉಲೋವಾ ಅನ್ನುತ್ತಿದ್ದರು. ಅಲ್ಲಿನ ನೀರನ್ನು ಕಾಯುವವಳು ಕಾಅಹುಪಾಹೌ ಅನ್ನುವ ಶಾರ್ಕ್ ದೇವತೆ. ಊರಿನವರು ಅವಳಿಗೆ ಊಟ ಕೊಟ್ಟು, ಬೆನ್ನಿಗೆ ಅಂಟಿದ ಚಿಪ್ಪುಜೀವಿಗಳನ್ನು ಕೆರೆದು ಸ್ವಚ್ಛ ಮಾಡುತ್ತಿದ್ದರಂತೆ. ಬದಲಿಗೆ ಅವಳು ಮನುಷ್ಯರನ್ನು ತಿನ್ನುವ ಶಾರ್ಕ್‌ಗಳನ್ನು ಒಳಗೆ ಬಿಡುತ್ತಿರಲಿಲ್ಲ. ಅಮೆರಿಕದ ನೌಕಾಪಡೆ 1909ರಲ್ಲಿ ಅಲ್ಲಿ ಹಡಗು ರಿಪೇರಿಯ ದೊಡ್ಡ ಡಾಕ್ ಕಟ್ಟಲು ಶುರುಮಾಡಿತು. 1913ರ ಫೆಬ್ರುವರಿಯಲ್ಲಿ ಅದು ಕುಸಿದುಬಿತ್ತು. ತಳದಿಂದ ನೀರಿನ ಒತ್ತಡ ಮೇಲಕ್ಕೆ ತಳ್ಳಿದ್ದು ಕಾರಣ ಅಂತ ಎಂಜಿನಿಯರುಗಳು ಹೇಳಿದರು. ಶಾರ್ಕ್ ಮನೆಯ ಮೇಲೆ ಕಟ್ಟಿದ್ದೇ ತಪ್ಪು ಅಂತ ಊರವರು ಹೇಳಿದರು. ಡಾಕ್ ಮುಗಿದು ಬಳಕೆಗೆ ಬಂದದ್ದು 1919ರಲ್ಲಿ.

ಈಗ ಕಿರಿಬಾಸ್ ದೇಶಕ್ಕೆ ಬರೋಣ. ನನಗೆ ಎಲ್ಲಕ್ಕಿಂತ ಮನಸ್ಸಿಗೆ ನಾಟಿದ್ದು ಇದು. ಅಲ್ಲಿನ ಗಿಲ್ಬರ್ಟ್ ದ್ವೀಪಗಳು ಹವಳದ ದಿಬ್ಬಗಳು. ಕಬ್ಬಿಣವಿಲ್ಲ, ತಾಮ್ರವಿಲ್ಲ. ಇರುವುದು ತೆಂಗು ಮತ್ತು ಸಮುದ್ರ. ಹಾಗಾಗಿ ಅವರ ಕತ್ತಿಗೆ ಅಲಗು ಶಾರ್ಕ್ ಹಲ್ಲು. ಒಂದೊಂದು ಹಲ್ಲಿಗೂ ಪುಟ್ಟ ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ಮರದ ಅಂಚಿಗೆ ಬಿಗಿದು ಕಟ್ಟುತ್ತಿದ್ದರು. ಕೆಲವು ಸಲ ಮನುಷ್ಯರ ಕೂದಲಿನಿಂದ ಕಟ್ಟಿದ್ದೂ ಉಂಟು. ಸಾಲಿನಲ್ಲಿ ಹಲ್ಲುಗಳು ಎಷ್ಟು ಒತ್ತಾಗಿ ಕೂತಿರುತ್ತವೆ ಅಂದರೆ, ಬೆರಳಿಟ್ಟರೆ ರಕ್ತ ಬರುವುದು ಖಂಡಿತ. ಇದನ್ನು ಎದುರಿಸುವ ಯೋಧನಿಗೆ ತೆಂಗಿನ ನಾರಿನ ದಪ್ಪ ಕವಚ, ತಲೆಗೆ ಮುಳ್ಳುಮೀನಿನ ಚರ್ಮದ ಶಿರಸ್ತ್ರಾಣ.

ಹತ್ತೊಂಬತ್ತನೇ ಶತಮಾನದಲ್ಲಿ ಇಂಥ ಎಷ್ಟೋ ಆಯುಧಗಳು ಯುರೋಪ್, ಅಮೆರಿಕದ ಮ್ಯೂಸಿಯಮ್‌ಗಳಿಗೆ ಹೋದವು. ಶಿಕಾಗೋದ ಫೀಲ್ಡ್ ಮ್ಯೂಸಿಯಮ್ಮಿನಲ್ಲಿ ನೂರಕ್ಕೂ ಜಾಸ್ತಿ ಇವೆ. ಜೋಶುವಾ ಡ್ರೂ ಅನ್ನುವ ಜೀವವಿಜ್ಞಾನಿ ಮತ್ತು ಅವರ ಸಂಗಡಿಗರು ಕೂತು ಆ ಹಲ್ಲುಗಳನ್ನು ಪರೀಕ್ಷಿಸಿದರು. ಶಾರ್ಕ್ ಹಲ್ಲು ಜಾತಿಯಿಂದ ಜಾತಿಗೆ ಬೇರೆ. ಅಗಲ, ಬಾಗು, ಅಂಚಿನ ಗರಗಸ, ಎಲ್ಲದರಲ್ಲೂ ವ್ಯತ್ಯಾಸ. ನೋಡಿದರೆ ಎಂಟು ಜಾತಿಯ ಶಾರ್ಕ್‌ಗಳ ಹಲ್ಲು ಸಿಕ್ಕಿತು. ಅದರಲ್ಲಿ ಎರಡು, ಸ್ಪಾಟ್‌ಟೇಲ್ ಮತ್ತು ಡಸ್ಕಿ ಶಾರ್ಕ್, ಇವತ್ತು ಗಿಲ್ಬರ್ಟ್ ದ್ವೀಪಗಳ ಸುತ್ತ ಇಲ್ಲ. ಅಲ್ಲಿ ಇದ್ದವು ಅನ್ನುವ ದಾಖಲೆಯೂ ಇರಲಿಲ್ಲ. ಯಾವ ವಿಜ್ಞಾನಿಯೂ ಲೆಕ್ಕ ಹಾಕುವ ಮೊದಲೇ ಅವು ಆ ನೀರಿನಿಂದ ಮಾಯವಾಗಿದ್ದವು. ಇದು ಪ್ರಕಟವಾದದ್ದು 2013ರಲ್ಲಿ. ಕತ್ತಿ ಕಟ್ಟಿದವನಿಗೆ ಗೊತ್ತಿಲ್ಲದೆಯೇ ಅವನ ಕತ್ತಿ ಆ ಹವಳದ ದಂಡೆಯ ಹಾಜರಿ ಪುಸ್ತಕ ಆಗಿತ್ತು.

ಡಸ್ಕಿ ಶಾರ್ಕ್ ಮರಿ ಹಾಕುವ ವಯಸ್ಸಿಗೆ ಬರಲು ಸುಮಾರು 20 ವರ್ಷ ಬೇಕು. ಬಂಗುಡೆ, ಬೂತಾಯಿಗಳ ಹಾಗೆ ಲಕ್ಷಗಟ್ಟಲೆ ಮೊಟ್ಟೆ ಇಡುವ ಮೀನಲ್ಲ ಅದು. ದೊಡ್ಡವನ್ನು ಹಿಡಿಯುತ್ತಾ ಹೋದರೆ ಸಂತತಿ ಚೇತರಿಸಿಕೊಳ್ಳುವುದೇ ಇಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 10 ಕೋಟಿ ಶಾರ್ಕ್‌ಗಳು ಮನುಷ್ಯರಿಂದ ಸಾಯುತ್ತಿವೆ ಅಂತ 2013ರ ಒಂದು ಅಂದಾಜು. ಶಾರ್ಕ್ ತಾನಾಗಿ ಕಚ್ಚಿ ಸಾಯುವ ಮನುಷ್ಯರು ವರ್ಷಕ್ಕೆ ಸರಾಸರಿ ಐದಾರು. ತೆರೆದ ಸಮುದ್ರದ ಶಾರ್ಕ್ ಮತ್ತು ತೊರಕೆ, ಅಂದರೆ ರೇ ಮೀನುಗಳ ಸಂಖ್ಯೆ 1970ರಿಂದ ಈಚೆಗೆ ಶೇಕಡಾ 71ರಷ್ಟು ಕುಸಿದಿದೆ.

ಹಾಗಂತ ಎಲ್ಲ ಕಡೆಯೂ ಇದೇ ಕಥೆಯಲ್ಲ. ಫ್ರೆಂಚ್ ಪಾಲಿನೇಷ್ಯಾದಲ್ಲಿ ಫಕರಾವಾ ಅನ್ನುವ ಹವಳದ ದ್ವೀಪವಿದೆ. ಅದರ ದಕ್ಷಿಣದ ಇಕ್ಕಟ್ಟಾದ ಕಾಲುವೆಯಲ್ಲಿ ಸುಮಾರು 700 ಬೂದು ಶಾರ್ಕ್‌ಗಳು ಒಟ್ಟಿಗೆ ಇರುತ್ತವೆ. ಅಷ್ಟೊಂದು ಬೇಟೆಗಾರರಿಗೆ ಊಟ ಎಲ್ಲಿಂದ? ವಿಜ್ಞಾನಿಗಳಿಗೂ ಇದೇ ಪ್ರಶ್ನೆ ಇತ್ತು. 2016ರಲ್ಲಿ ಉತ್ತರ ಸಿಕ್ಕಿತು. ವರ್ಷಕ್ಕೊಮ್ಮೆ ಮೊಟ್ಟೆ ಇಡಲು ಸಾವಿರಾರು ಗ್ರೂಪರ್ ಮೀನುಗಳು ಆ ಕಾಲುವೆಗೆ ಬಂದು ಸೇರುತ್ತವೆ. ಊಟ ತಾನಾಗಿ ಬಾಗಿಲಿಗೆ ಬರುತ್ತದೆ. ಹಿಡಿಯದೆ ಬಿಟ್ಟ ಸಮುದ್ರ ಹೇಗಿರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಬಿಡುವ ನಿರ್ಧಾರ ಮಾಡಿದ್ದರಲ್ಲೂ ದ್ವೀಪದವರೇ ಮೊದಲು. 2009ರಲ್ಲಿ ಪಲಾವ್ ಅನ್ನುವ ಪುಟ್ಟ ದೇಶ ತನ್ನ ಇಡೀ ಸಮುದ್ರವನ್ನು ಶಾರ್ಕ್ ಅಭಯಧಾಮ ಅಂತ ಘೋಷಿಸಿತು. ಜಗತ್ತಿನಲ್ಲೇ ಅದು ಮೊದಲನೆಯದು. 2011ರಲ್ಲಿ ಮಾರ್ಷಲ್ ದ್ವೀಪಗಳು ಸುಮಾರು 20 ಲಕ್ಷ ಚದರ ಕಿಲೋಮೀಟರ್ ನೀರಿನಲ್ಲಿ ಶಾರ್ಕ್ ವ್ಯಾಪಾರ ನಿಲ್ಲಿಸಿದವು. ಅದರ ಮರುವರ್ಷ ಫ್ರೆಂಚ್ ಪಾಲಿನೇಷ್ಯಾ, ಕುಕ್ ದ್ವೀಪಗಳು. ದೊಡ್ಡ ದೊಡ್ಡ ದೇಶಗಳು ಇನ್ನೂ ಚರ್ಚೆ ಮಾಡುತ್ತಿದ್ದಾಗ ಇವರು ಮಾಡಿ ತೋರಿಸಿದರು. ಇದನ್ನು ಹೇಳುವಾಗ ನನಗೆ ನಿಜಕ್ಕೂ ಖುಷಿಯಾಗುತ್ತದೆ.

ಆದರೆ ಶಾರ್ಕ್ ಗಡಿ ನೋಡಿ ಈಜುವುದಿಲ್ಲ. ಕ್ಯಾಲಿಫೋರ್ನಿಯಾ ತೀರದ ದೊಡ್ಡ ಬಿಳಿ ಶಾರ್ಕ್‌ಗಳು ಚಳಿಗಾಲದ ಹೊತ್ತಿಗೆ ಹೊರಟು, ಮೆಕ್ಸಿಕೋ ಮತ್ತು ಹವಾಯಿಯ ನಡುವಿನ ಒಂದು ಜಾಗಕ್ಕೆ ಹೋಗಿ ತಿಂಗಳುಗಟ್ಟಲೆ ಇರುತ್ತವೆ. ಮೈಗೆ ಟ್ಯಾಗ್ ಹಾಕಿ ಇದನ್ನು ಪತ್ತೆಮಾಡಿದ ಬಾರ್ಬರಾ ಬ್ಲಾಕ್ ಮತ್ತು ಅವರ ತಂಡ ಅದಕ್ಕೆ ‘ಬಿಳಿ ಶಾರ್ಕ್ ಕೆಫೆ’ ಅಂತ ಹೆಸರಿಟ್ಟಿತು. ಅಲ್ಲಿ ಅವು ನೂರಾರು ಮೀಟರ್ ಆಳಕ್ಕೆ ಮತ್ತೆ ಮತ್ತೆ ಮುಳುಗಿ ಏಳುತ್ತವೆ. ಉಪಗ್ರಹದ ಚಿತ್ರದಲ್ಲಿ ಖಾಲಿ ಮರಳುಗಾಡಿನಂತೆ ಕಂಡ ಆ ನೀರಿನ ಆಳದಲ್ಲಿ ಮೀನು, ಸ್ಕ್ವಿಡ್‌ಗಳು ಧಾರಾಳವಾಗಿವೆ ಅಂತ 2018ರ ಹಡಗುಯಾನದಲ್ಲಿ ಗೊತ್ತಾಯಿತು. ಈ ಕೆಫೆ ಇರುವುದು ಯಾವ ದೇಶದ್ದೂ ಅಲ್ಲದ ಮುಕ್ತ ಸಾಗರದಲ್ಲಿ. ಪಲಾವ್‌ನಂಥ ಒಂದು ದೇಶ ಮನಸ್ಸು ಮಾಡಿದರೆ ಸಾಲದು, ಎಲ್ಲರೂ ಒಪ್ಪಬೇಕು. ಮುಕ್ತ ಸಾಗರದ ಜೀವಿಗಳನ್ನು ಕಾಪಾಡಲು ವಿಶ್ವಸಂಸ್ಥೆ 2023ರಲ್ಲಿ ಒಂದು ಒಪ್ಪಂದವನ್ನು ಅಂಗೀಕರಿಸಿದೆ. ಅದರ ಅಡಿಯಲ್ಲಿ ಮೊದಮೊದಲು ಗುರುತಿಸಬೇಕಾದ ಜಾಗಗಳಲ್ಲಿ ಈ ಕೆಫೆಯೂ ಇರಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ನಮಸ್ಕಾರ.