ಕಂಪ್ಯೂಟರ್ ಆಟಗಾರರ ಕೈ ಮತ್ತು ಮಣಿಕಟ್ಟು

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಮಾತನ್ನು ಕೇಳುತ್ತಿರುವಾಗಲೇ ನೀವೊಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ಬಲ ಮೊಣಕೈಯಿಂದ ನಾಲ್ಕು ಬೆರಳಿನಷ್ಟು ಕೆಳಗೆ ಎಡ ಅಂಗೈಯನ್ನು ಮೆತ್ತಗೆ ಸುತ್ತಿ ಇಟ್ಟುಕೊಳ್ಳಿ. ಬಳಿಕ ಬಲಗೈಯ ಬೆರಳುಗಳನ್ನು, ಕೀಬೋರ್ಡ್ ಒತ್ತುತ್ತಿರುವಂತೆ, ಒಂದೊಂದಾಗಿ ಆಡಿಸಿ. ಆಡುತ್ತಿರುವುದು ಬೆರಳಾದರೂ ಚರ್ಮದ ಅಡಿಯಲ್ಲಿ ಮಿಸುಕಾಡುವುದು ಮೊಣಕೈ ಬಳಿಯ ಮಾಂಸಖಂಡ ಎಂಬುದು ನಿಮ್ಮ ಎಡಗೈಗೆ ತಿಳಿಯುತ್ತದೆ. ಬೆರಳುಗಳನ್ನು ಬಲವಾಗಿ ಮಡಚುವ ಮತ್ತು ಚಾಚುವ ಸ್ನಾಯುಗಳು ಇರುವುದು ಅಲ್ಲಿ. ಅವುಗಳ ಎಳೆತವನ್ನು ಬೆರಳಿನವರೆಗೆ ಮುಟ್ಟಿಸುವುದು ಸ್ನಾಯುರಜ್ಜುಗಳೆಂಬ ಗಟ್ಟಿ ಹುರಿಗಳು. ಆ ಹುರಿಗಳೆಲ್ಲ ಮಣಿಕಟ್ಟನ್ನು ದಾಟಿಯೇ ಹೋಗಬೇಕು. ಕಂಪ್ಯೂಟರ್ ಮುಂದೆ ಗಂಟೆಗಟ್ಟಲೆ ಗೇಮ್ ಆಡುವವರ ಕೈನೋವನ್ನು ಅರ್ಥಮಾಡಿಕೊಳ್ಳಲು ಇಷ್ಟನ್ನು ಮೊದಲು ತಿಳಿದಿರಬೇಕು.

ಮಣಿಕಟ್ಟಿನಲ್ಲಿ ಎಂಟು ಚಿಕ್ಕ ಮೂಳೆಗಳು ಕೂಡಿಕೊಂಡಿವೆ. ಅಂಗೈ ಬದಿಯಲ್ಲಿ ಈ ಮೂಳೆಗಳ ಸಾಲು ಒಳಕ್ಕೆ ಬಾಗಿದೆ. ಆ ಬಾಗಿನ ಮೇಲೆ ಮೂಳೆಗಳನ್ನು ಬಂಧಿಸುವ ಅಸ್ಥಿರಜ್ಜುವಿನ ದಪ್ಪ ಪಟ್ಟಿಯೊಂದು ಅಡ್ಡಲಾಗಿ ಹಾದಿದೆ. ಹೀಗೆ ಉಂಟಾದ ಕಿರಿದಾದ ಸುರಂಗದೊಳಗೆ ಬೆರಳುಗಳನ್ನು ಮಡಚುವ ಒಂಬತ್ತು ಸ್ನಾಯುರಜ್ಜುಗಳೂ ಮೀಡಿಯನ್ ಎಂಬ ನರವೂ ಒತ್ತೊತ್ತಾಗಿ ಸಾಗುತ್ತವೆ. ಮೂಳೆಯಾಗಲಿ, ಪಟ್ಟಿಯಾಗಲಿ ಹಿಗ್ಗುವುದಿಲ್ಲವಾದ್ದರಿಂದ ಒಳಗೆ ಸ್ವಲ್ಪ ಊತ ಬಂದರೂ ಅದರ ಒತ್ತಡ ನರದ ಮೇಲೆ ಬೀಳುತ್ತದೆ. ಮಣಿಕಟ್ಟು ನೇರವಾಗಿರುವಾಗ ಈ ಸುರಂಗದೊಳಗಿನ ಒತ್ತಡ ಕಡಿಮೆ ಇರುತ್ತದೆ. ಮೇಲಕ್ಕೋ ಕೆಳಕ್ಕೋ ಬಾಗಿಸಿದಷ್ಟೂ ಅದು ಏರುತ್ತದೆ. ಇನ್ನು ಸ್ನಾಯುರಜ್ಜುಗಳ ವಿಷಯ ಹೇಳುವುದಾದರೆ, ಸ್ನಾಯುಗಳಿಗೆ ಹೋಲಿಸಿದರೆ ಅವಕ್ಕೆ ರಕ್ತದ ಪೂರೈಕೆ ಕಡಿಮೆ, ಆದ್ದರಿಂದ ಪೆಟ್ಟು ತಿಂದರೆ ಚೇತರಿಕೆಯೂ ನಿಧಾನ. ಎರಡು ದಿನ ಆಡಿ ಕೆಡಿಸಿಕೊಂಡ ರಜ್ಜು ಎರಡೇ ದಿನದಲ್ಲಿ ಸರಿಹೋಗುತ್ತದೆಂದು ಎಣಿಸುವಂತಿಲ್ಲ.

ಹದಿನೆಂಟನೆಯ ಶತಮಾನದ ಆರಂಭದಲ್ಲಿ ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಝಿನಿ ಬೇರೆ ಬೇರೆ ಕಸುಬಿನವರ ಕಾಯಿಲೆಗಳನ್ನು ಪರಿಶೀಲಿಸುತ್ತಾ ಬರವಣಿಗೆಯ ಗುಮಾಸ್ತರ ಕೈನೋವಿಗೆ ಮೂರು ಕಾರಣಗಳನ್ನು ಗುರುತಿಸಿದನು: ಸದಾ ಕುಳಿತೇ ಇರುವುದು, ಕೈಯನ್ನು ಬಿಡುವಿಲ್ಲದೆ ಒಂದೇ ರೀತಿಯಲ್ಲಿ ಆಡಿಸುವುದು ಮತ್ತು ತಪ್ಪಾಗಬಾರದೆಂಬ ಮನಸ್ಸಿನ ಬಿಗಿತ. ಇಂದಿನ ಆಟಗಾರನನ್ನು ಕಣ್ಣಾರೆ ನೋಡಿ ಹೇಳಿದಂತಿದೆ ಈ ಮಾತು. ಮೊದಲಿನ ಎರಡನ್ನು ಎಲ್ಲರೂ ಬಲ್ಲರು, ಎಲ್ಲರೂ ಹೇಳುತ್ತಾರೆ. ಮೂರನೆಯದನ್ನು ಮಾತ್ರ ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಆಟಗಾರರ ಮಟ್ಟಿಗೆ ಬಹಳ ಮುಖ್ಯವಾದದ್ದು ಅದೇ.

ಎದುರಾಳಿ ಪರದೆಯ ಮೇಲೆ ಕಾಣಿಸಿಕೊಂಡ ಕ್ಷಣವನ್ನು ನೆನಪಿಸಿಕೊಳ್ಳಿ. ಮೌಸ್ ಗುಂಡಿಯನ್ನು ಒತ್ತಲು ಬೇಕಾಗುವುದು ಅತ್ಯಲ್ಪ ಬಲ. ಕಾಗದದ ಹಾಳೆಯನ್ನು ಹಿಡಿಯುವಷ್ಟು ಹಗುರವಾಗಿ ಹಿಡಿದರೂ ಕೆಲಸ ನಡೆಯುತ್ತದೆ. ಆದರೆ ಆ ಕ್ಷಣದಲ್ಲಿ ಹೆಬ್ಬೆರಳು ಮೌಸಿನ ಬದಿಯನ್ನು ಅದುಮುತ್ತದೆ, ತೋರುಬೆರಳು ಗುಂಡಿಯ ಮೇಲೆ ಗಟ್ಟಿಯಾಗುತ್ತದೆ, ಎಡಗೈಯ ಬೆರಳುಗಳು ಕೀಲಿಗಳನ್ನು ಕುಟ್ಟುತ್ತವೆ, ಭುಜ ಕಿವಿಯ ಕಡೆಗೆ ಏರುತ್ತದೆ. ಅಪಾಯ ಕಳೆದ ಮೇಲೂ ಈ ಹಿಡಿತ ಸಡಿಲುವುದಿಲ್ಲ, ಏಕೆಂದರೆ ಮುಂದಿನ ಅಪಾಯಕ್ಕೆ ಮನಸ್ಸು ಕಾಯುತ್ತಿರುತ್ತದೆ. ಹೀಗೆ ಬಿಗಿದೇ ಇರುವ ಸ್ನಾಯುವಿನಲ್ಲಿ ರಕ್ತದ ಓಡಾಟ ಕುಗ್ಗಿ ಆಯಾಸ ಬೇಗ ಕೂಡುತ್ತದೆ. ಆಟದಲ್ಲಿ ಮುಳುಗಿದವನಿಗೆ ಕೈಯ ನೋವು ಆಗಲೇ ಗೊತ್ತಾಗುವುದೂ ಇಲ್ಲ. ಆಟ ನಿಲ್ಲಿಸಿ ಅರ್ಧ ಗಂಟೆಯಾದ ಮೇಲೋ, ಮರುದಿನ ಬೆಳಿಗ್ಗೆ ನೀರಿನ ಬಾಟಲಿಯ ಮುಚ್ಚಳ ತಿರುಗಿಸುವಾಗಲೋ ಗೊತ್ತಾಗುತ್ತದೆ. ಆದ್ದರಿಂದ ನೋವು ಬಂದಾಗ ನಿಲ್ಲಿಸುತ್ತೇನೆ ಎಂಬ ನಿರ್ಧಾರ ಆಟಗಾರನಿಗೆ ಕೆಲಸಕ್ಕೆ ಬಾರದು. ವಿರಾಮವನ್ನೂ ಸಡಿಲಿಕೆಯನ್ನೂ ಆಟ ಶುರುವಾಗುವ ಮೊದಲೇ ವ್ಯವಸ್ಥೆ ಮಾಡಿಕೊಂಡಿರಬೇಕು.

ಹಿಡಿತವನ್ನು ಸಡಿಲಿಸುವುದು ಅಭ್ಯಾಸದಿಂದ ಬರುವ ವಿದ್ಯೆ. ಪ್ರತಿ ರೌಂಡ್ ಮುಗಿದಾಗ, ಪಾತ್ರ ಸತ್ತು ಮತ್ತೆ ಹುಟ್ಟಲು ಕಾಯುವಾಗ, ಮುಂದಿನ ಹಂತ ಲೋಡ್ ಆಗುವಾಗ, ಎರಡೂ ಕೈಗಳನ್ನು ಮೇಜಿನಿಂದ ತೆಗೆದು ತೊಡೆಯ ಮೇಲೆ ಅಂಗೈ ಮೇಲಾಗಿ ಇಡಿ, ಭುಜಗಳನ್ನು ಇಳಿಬಿಡಿ, ಉಸಿರನ್ನು ಪೂರ್ತಿ ಹೊರಗೆ ಬಿಡಿ. ಹತ್ತು ಸೆಕೆಂಡು ಸಾಕು. ಇದಕ್ಕೆ ಆಟವನ್ನು ನಿಲ್ಲಿಸಬೇಕಾಗಿಲ್ಲ, ಸೋಲಬೇಕಾಗಿಲ್ಲ. ಆಟವೇ ಕೊಡುವ ಬಿಡುವನ್ನು ಕೈಗೂ ಕೊಡುವುದು ಅಷ್ಟೆ. ಇದರ ಜೊತೆಗೆ ಗಂಟೆಗೊಮ್ಮೆಯಾದರೂ ಎದ್ದು ಐದು ಹತ್ತು ನಿಮಿಷ ಓಡಾಡಬೇಕು. ಆ ಬಿಡುವಿನಲ್ಲಿ ಮೊಬೈಲ್ ಹಿಡಿದು ಹೆಬ್ಬೆರಳಿನಿಂದ ಪರದೆ ಸರಿಸುತ್ತಾ ನಿಂತರೆ ಕಣ್ಣಿಗಾಗಲಿ ಕೈಗಾಗಲಿ ವಿಶ್ರಾಂತಿ ಸಿಕ್ಕಂತಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ವಿರಾಮ ತೆಗೆದುಕೊಂಡರೂ ನೋವು ಕಡಿಮೆಯಾಗಲಿಲ್ಲ ಎನ್ನುವವರಲ್ಲಿ ಅನೇಕರ ವಿರಾಮ ಇಂಥದೇ ಆಗಿರುತ್ತದೆ.

ಇನ್ನು ಕುಳಿತುಕೊಳ್ಳುವ ರೀತಿ. ಪಾದಗಳು ನೆಲಕ್ಕೆ ಊರಿರಬೇಕು, ಬೆನ್ನಿಗೆ ಆಧಾರವಿರಬೇಕು, ಮೊಣಕೈ ಹೆಚ್ಚುಕಡಿಮೆ ಲಂಬಕೋನದಲ್ಲಿ ಅಥವಾ ಅದಕ್ಕಿಂತ ತುಸು ಬಿಚ್ಚಿಕೊಂಡು, ಮೇಜಿನ ಮಟ್ಟದಲ್ಲಿರಬೇಕು. ಮೇಜು ಎತ್ತರವಾಗಿದ್ದರೆ ಭುಜ ಏರುತ್ತದೆ, ಮಣಿಕಟ್ಟು ಮೇಜಿನ ಅಂಚಿಗೆ ಒತ್ತಿಕೊಳ್ಳುತ್ತದೆ. ಆಗ ಕುರ್ಚಿಯನ್ನು ಏರಿಸಿ, ಪಾದದ ಕೆಳಗೆ ಗಟ್ಟಿಯಾದ ಏನನ್ನಾದರೂ ಇಟ್ಟುಕೊಂಡರೆ ಸಾಕು. ದುಬಾರಿ ಕುರ್ಚಿಯೇ ಬೇಕೆಂದಿಲ್ಲ. ಮಣಿಕಟ್ಟಿಗೆಂದು ಮಾರುವ ಮೆತ್ತೆಯ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ನಾನು ಈಗ ತಾನೆ ಹೇಳಿದ ಸುರಂಗ ಇರುವುದು ಮಣಿಕಟ್ಟಿನ ಒಳಬದಿಯಲ್ಲೇ ಆದ್ದರಿಂದ, ಆ ಜಾಗವನ್ನೇ ಮೆತ್ತೆಗೆ ಊರಿ ಆಡುತ್ತಿದ್ದರೆ ನರದ ಮೇಲೆ ಹೊರಗಿನಿಂದಲೂ ಒತ್ತಡ ಹೇರಿದಂತಾಗುತ್ತದೆ. ಮೆತ್ತೆ ಅಂಗೈಯ ಬುಡಕ್ಕೆ ತಗುಲುವಂತಿರಲಿ, ಅದೂ ಕೈ ಸುಮ್ಮನಿರುವ ಹೊತ್ತಿನಲ್ಲಿ ಮಾತ್ರ.

ಎಡಗೈಯನ್ನು ಯಾರೂ ಗಮನಿಸುವುದಿಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅನೇಕ ಆಟಗಳಲ್ಲಿ ನಡೆಯಲು ಡಬ್ಲ್ಯು, ಎ, ಎಸ್, ಡಿ ಕೀಲಿಗಳು, ಓಡಲು ಶಿಫ್ಟ್, ಕುಕ್ಕರಿಸಲು ಕಂಟ್ರೋಲ್. ಮೂರು ಬೆರಳುಗಳು ಅಕ್ಷರಗಳ ಮೇಲಿರುವಾಗ ಕಿರುಬೆರಳು ಮೂಲೆಯ ಶಿಫ್ಟ್ ಕೀಲಿಯನ್ನು ನಿಮಿಷಗಟ್ಟಲೆ ಅದುಮಿಯೇ ಇರುತ್ತದೆ. ಅದನ್ನು ಎಟುಕಿಸಿಕೊಳ್ಳಲು ಇಡೀ ಅಂಗೈ ಕಿರುಬೆರಳಿನ ಕಡೆಗೆ ವಾಲುತ್ತದೆ. ಕೀಬೋರ್ಡಿನ ಹಿಂಭಾಗದ ಕಾಲುಗಳನ್ನು ಬಿಚ್ಚಿಟ್ಟಿದ್ದರೆ ಮಣಿಕಟ್ಟು ಮೇಲಕ್ಕೂ ಬಾಗುತ್ತದೆ. ವಾಲಿಕೆ, ಬಾಗು, ಬಿಗಿತ ಮೂರೂ ಒಂದೇ ಕಡೆ ಸೇರುವುದು ಹೀಗೆ. ಆ ಕಾಲುಗಳನ್ನು ಮಡಚಿಬಿಡಿ; ಕೀಬೋರ್ಡನ್ನು ಮುಂಗೈಯ ನೇರಕ್ಕೆ ಬರುವಷ್ಟು ಓರೆಯಾಗಿ ತಿರುಗಿಸಿ ಇಡಿ. ಓಡುವುದನ್ನು ಒತ್ತಿ ಹಿಡಿಯುವ ಬದಲು ಒಮ್ಮೆ ಒತ್ತಿದರೆ ಸಾಕಾಗುವಂತೆ ಮಾಡುವ ಆಯ್ಕೆ ಅನೇಕ ಆಟಗಳ ಸೆಟ್ಟಿಂಗ್‌ನಲ್ಲಿ ಇರುತ್ತದೆ. ಕಿರುಬೆರಳಿನ ಪಾಲಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

ಬಲಗೈಯಲ್ಲಿ ಮುಖ್ಯವಾದದ್ದು ಮೌಸಿನ ವೇಗ, ಅಂದರೆ ಕೈ ಇಷ್ಟು ಸರಿದರೆ ಪರದೆಯ ಮೇಲಿನ ಗುರಿ ಎಷ್ಟು ಸರಿಯಬೇಕೆಂಬ ಲೆಕ್ಕ, ಆಟಗಾರರು ಸೆನ್ಸಿಟಿವಿಟಿ ಎನ್ನುವುದು. ಅದನ್ನು ತೀರ ಹೆಚ್ಚಿಸಿಕೊಂಡರೆ ಗುರಿಯಿಡುವ ಕೆಲಸವೆಲ್ಲ ಮಣಿಕಟ್ಟಿನ ಸೂಕ್ಷ್ಮ ಚಲನೆಗೆ ಬೀಳುತ್ತದೆ. ಮೊಣಕೈ ಮೇಜಿಗೆ ಅಂಟಿಕೊಂಡಿದ್ದು ಮಣಿಕಟ್ಟೊಂದೇ ಎಡಬಲಕ್ಕೆ ಹೊರಳುತ್ತಿರುತ್ತದೆ. ಸ್ವಲ್ಪ ಕಡಿಮೆ ಮಾಡಿ, ದೊಡ್ಡ ಪ್ಯಾಡ್ ಹಾಸಿಕೊಂಡರೆ ದೊಡ್ಡ ಚಲನೆಗಳನ್ನು ಮೊಣಕೈ ಮತ್ತು ಭುಜದ ದೊಡ್ಡ ಸ್ನಾಯುಗಳು ವಹಿಸಿಕೊಳ್ಳುತ್ತವೆ. ಹಾಗೆಂದು ಒಂದೇ ದಿನದಲ್ಲಿ ಅರ್ಧಕ್ಕೆ ಇಳಿಸಿದರೆ ಭುಜ ನೋಯಲು ತೊಡಗುತ್ತದೆ, ಆದ್ದರಿಂದ ಹಂತಹಂತವಾಗಿ ಇಳಿಸಬೇಕು. ಮೌಸ್ ನಿಮ್ಮ ಅಂಗೈಗೆ ಹೊಂದುವ ಅಳತೆಯದಾಗಿರಬೇಕು; ದೊಡ್ಡ ಕೈಯಲ್ಲಿ ಚಿಕ್ಕ ಮೌಸ್ ಇದ್ದರೆ ಬೆರಳುಗಳು ಉಗುರು ಚಾಚಿದಂತೆ ಮಡಚಿಕೊಂಡೇ ಇರಬೇಕಾಗುತ್ತದೆ. ಸಂಖ್ಯೆಗಳ ಭಾಗವಿಲ್ಲದ ಗಿಡ್ಡ ಕೀಬೋರ್ಡ್ ಇದ್ದರೆ ಮೌಸ್ ಹತ್ತಿರ ಬರುತ್ತದೆ, ತೋಳು ಹೊರಕ್ಕೆ ಚಾಚಿಕೊಳ್ಳುವುದು ತಪ್ಪುತ್ತದೆ.

ಕಂಟ್ರೋಲರ್ ಎಂಬ ಗುಂಡಿಗಳ ಸಾಧನವನ್ನು ಎರಡೂ ಕೈಯಲ್ಲಿ ಹಿಡಿದು ಆಡುವವರ ತೊಂದರೆ ಬೇರೆ. ಅಲ್ಲಿ ಭಾರವೆಲ್ಲ ಹೆಬ್ಬೆರಳಿನದು. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಅಂಚಿನಲ್ಲಿ ಎರಡು ರಜ್ಜುಗಳು ಒಂದೇ ಕೋಶದೊಳಗೆ ಜಾರುತ್ತವೆ. ಆ ಕೋಶ ದಪ್ಪವಾಗಿ ಜಾರುವಿಕೆ ತಡೆದು ನೋವಾಗುವುದನ್ನು ಸ್ವಿಟ್ಸರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಸ್ ಡಿ ಕ್ವರ್ವೇನ್ 1895ರಲ್ಲಿ ವಿವರಿಸಿದ ಕಾರಣ ಕಾಯಿಲೆಗೆ ಅವನ ಹೆಸರೇ ಉಳಿದಿದೆ. ವಿಡಿಯೋ ಆಟದ ಗುಂಡಿಗಳನ್ನು ಬಿಡದೆ ಒತ್ತಿ ಹೆಬ್ಬೆರಳಿನ ರಜ್ಜು ನೋಯಿಸಿಕೊಂಡ ಪ್ರಕರಣವೊಂದು 1990ರಲ್ಲೇ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಉಳಿದ ಬೆರಳುಗಳಿಂದ ಅದನ್ನು ಮುಚ್ಚಿ ಹಿಡಿದು, ಮುಷ್ಟಿಯನ್ನು ನಿಧಾನವಾಗಿ ಕಿರುಬೆರಳಿನ ಕಡೆಗೆ ವಾಲಿಸಿದಾಗ ಹೆಬ್ಬೆರಳಿನ ಬುಡದಲ್ಲಿ ಚುಚ್ಚಿದಂತೆ ನೋವಾದರೆ ಈ ತೊಂದರೆಯಿರಬಹುದೆಂದು ಅನುಮಾನಿಸಬಹುದು. ಸ್ವಲ್ಪ ಎಳೆತ ಎಲ್ಲರಿಗೂ ಅನುಭವವಾಗುತ್ತದೆ, ಅದಕ್ಕೆ ಗಾಬರಿ ಬೇಡ. ಬಲವಂತವಾಗಿ ವಾಲಿಸಲೂ ಬೇಡಿ.

ಆಟಕ್ಕೆ ಕೂರುವ ಮೊದಲು ಕೈ ತಣ್ಣಗಿದ್ದರೆ ಬಿಸಿನೀರಿನಲ್ಲಿ ತೊಳೆದು ಬೆಚ್ಚಗೆ ಮಾಡಿಕೊಳ್ಳುವುದು ಒಳ್ಳೆಯದು. ಬಳಿಕ ರಜ್ಜುಗಳನ್ನು ಜಾರಿಸುವ ಸರಳ ಅಭ್ಯಾಸ ಮಾಡಿ: ಬೆರಳುಗಳನ್ನು ನೇರವಾಗಿ ಚಾಚಿ, ಬುಡದ ಗೆಣ್ಣು ನೇರವಾಗಿರುವಂತೆಯೇ ಮೇಲಿನ ಎರಡು ಗೆಣ್ಣುಗಳನ್ನು ಮಾತ್ರ ಕೊಕ್ಕೆಯ ಹಾಗೆ ಮಡಚಿ, ಮತ್ತೆ ಚಾಚಿ, ಪೂರ್ತಿ ಮುಷ್ಟಿ ಕಟ್ಟಿ, ಮತ್ತೆ ಚಾಚಿ. ಐದಾರು ಸಲ, ಆತುರವಿಲ್ಲದೆ. ಬೆರಳು ಮುರಿಯುವಂತೆ ಹಿಂದಕ್ಕೆ ಜಗ್ಗುವುದನ್ನು ಕೆಲವರು ವ್ಯಾಯಾಮವೆಂದು ತಿಳಿದಿದ್ದಾರೆ. ನೋಯುತ್ತಿರುವ ಕೈಗೆ ಅದರಿಂದ ಇನ್ನಷ್ಟು ಹಾನಿಯೇ ಆಗಬಹುದು. ನೋವಿಲ್ಲದ ದಿನಗಳಲ್ಲಿ, ಮುಂಗೈಯನ್ನು ಮೇಜಿನ ಮೇಲಿಟ್ಟು ಅಂಗೈಯನ್ನು ಅಂಚಿನಾಚೆ ಚಾಚಿ, ಅರ್ಧ ಕಿಲೋ ತೂಕದ ವಸ್ತುವನ್ನು ಹಿಡಿದು ಮಣಿಕಟ್ಟಿನಿಂದ ಮೇಲೆತ್ತಿ ನಿಧಾನವಾಗಿ ಇಳಿಸುವುದು ಮುಂಗೈಗೆ ಬಲ ಕೊಡುತ್ತದೆ. ಬಲಗೊಂಡ ಸ್ನಾಯುರಜ್ಜು ಹೆಚ್ಚು ಹೊರೆ ತಾಳುತ್ತದೆ, ಆದರೆ ಅದಕ್ಕೆ ವಾರಗಳು ಬೇಕು. ರಜೆ ಬಂತೆಂದೋ ಹೊಸ ಆಟ ಬಿಡುಗಡೆಯಾಯಿತೆಂದೋ ದಿನಕ್ಕೆ ಒಂದು ಗಂಟೆ ಆಡುತ್ತಿದ್ದವರು ಏಕಾಏಕಿ ಎಂಟು ಗಂಟೆಗೆ ಏರಿದಾಗ ಕೈ ಕೆಡುವುದು ಇದರಿಂದಲೇ.

ಈಗ ಅಪಾಯದ ಸೂಚನೆಗಳು. ಮಣಿಕಟ್ಟು ನೋವೆಂದರೆ ಕಾರ್ಪಲ್ ಟನಲ್, ಅಂದರೆ ಮೊದಲು ಹೇಳಿದ ಸುರಂಗದಲ್ಲಿ ನರ ಅದುಮಿಹೋಗುವ ಕಾಯಿಲೆ, ಎಂದೇ ತೀರ್ಮಾನಿಸುವ ರೂಢಿ ಬಂದುಬಿಟ್ಟಿದೆ. ವಾಸ್ತವದಲ್ಲಿ ಅದು ರಜ್ಜು, ಸ್ನಾಯುಗಳ ಬಳಲಿಕೆಯೂ ಆಗಿರಬಹುದು. ನರದ ತೊಂದರೆಯ ಗುರುತು ಜೋಮು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧ ಜೋಮು ಹಿಡಿದರೆ, ರಾತ್ರಿ ಎಚ್ಚರವಾಗಿ ಕೈ ಕೊಡವಿಕೊಳ್ಳುವಂತಾದರೆ, ಮೀಡಿಯನ್ ನರ ಅದುಮಿಹೋಗುತ್ತಿರಬಹುದು. ಕಿರುಬೆರಳು ಮತ್ತು ಉಂಗುರಬೆರಳಿನ ಉಳಿದರ್ಧ ಮಾತ್ರ ಜೋಮು ಹಿಡಿದರೆ ಹೆಚ್ಚಾಗಿ ನೋಡಬೇಕಾದದ್ದು ಮೊಣಕೈಯನ್ನು: ಕುರ್ಚಿಯ ಗಟ್ಟಿ ಕೈಗೆ ಅದನ್ನು ಊರಿ, ಬಹಳ ಹೊತ್ತು ಮಡಚಿಟ್ಟು ಕೂರುವವರಲ್ಲಿ ಅಲ್ನರ್ ಎಂಬ ಇನ್ನೊಂದು ನರ ಅಲ್ಲಿ ಒತ್ತಡಕ್ಕೆ ಸಿಲುಕುತ್ತದೆ. ಹಿಡಿದ ವಸ್ತುಗಳು ಕೈಜಾರತೊಡಗಿದರೆ, ಹೆಬ್ಬೆರಳಿನ ಬುಡದ ಉಬ್ಬು ಸೊರಗಿದಂತೆ ಕಂಡರೆ, ಒಂದು ದಿನವೂ ಕಾಯದೆ ವೈದ್ಯರ ಬಳಿ ಹೋಗಬೇಕು. ಮಧುಮೇಹ, ಥೈರಾಯ್ಡ್ ಕೊರತೆ, ಸಂಧಿವಾತ ಇರುವವರಲ್ಲಿ ಮತ್ತು ಗರ್ಭಿಣಿಯರಲ್ಲಿ ಮೀಡಿಯನ್ ನರದ ತೊಂದರೆ ಬರುವ ಸಂಭವ ಹೆಚ್ಚಾದ್ದರಿಂದ ಅವರು ಇನ್ನಷ್ಟು ಎಚ್ಚರವಾಗಿರಬೇಕು.

ಮಕ್ಕಳು ಕೈನೋವೆಂದು ಹೇಳಿದಾಗ ಆಟವನ್ನೇ ದೂಷಿಸಿ ಗದರಿಸಿಬಿಡುವ ತಂದೆತಾಯಂದಿರಲ್ಲಿ ನನ್ನದೊಂದು ವಿನಂತಿಯಿದೆ. ಗದರಿಸಿದರೆ ಮಗು ನೋವನ್ನು ಮುಚ್ಚಿಡಲು ಕಲಿಯುತ್ತದೆ, ಆಟವನ್ನು ಮಾತ್ರ ಬಿಡುವುದಿಲ್ಲ. ಯಾವ ಬೆರಳು, ಯಾವ ಹೊತ್ತು, ಎಷ್ಟು ದಿನದಿಂದ ಎಂದು ಮೊದಲು ವಿಚಾರಿಸಿ. ವೈದ್ಯರು ಕೇಳುವುದೂ ಅದನ್ನೇ.

ನೋವು ನಿವಾರಕ ಮಾತ್ರೆ ನುಂಗಿ ಆಟ ಮುಂದುವರಿಸುವುದು, ಮಣಿಕಟ್ಟಿಗೆ ಪಟ್ಟಿ ಬಿಗಿದುಕೊಂಡು ಎಂದಿನಂತೆ ಆಡುವುದು, ಇವೆರಡೂ ಸಲ್ಲದು. ಮಾತ್ರೆ ಎಚ್ಚರಿಕೆಯನ್ನು ಅಡಗಿಸುತ್ತದೆ. ಪಟ್ಟಿ ಕಟ್ಟಿ ಆಡಿದರೆ ಹೊರೆ ಬೆರಳಿಗೋ ಮೊಣಕೈಗೋ ಸರಿಯಬಹುದು. ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಪಟ್ಟಿ ನರದ ತೊಂದರೆಯಲ್ಲಿ ಪ್ರಯೋಜನಕಾರಿ ಹೌದು, ಆದರೆ ಅದನ್ನು ಮುಖ್ಯವಾಗಿ ರಾತ್ರಿ ಮಲಗುವಾಗ ಧರಿಸುತ್ತಾರೆ, ವೈದ್ಯರ ಸಲಹೆಯಂತೆ. ನೋವು ತಗ್ಗಿದ ಮೇಲೆ ಹಿಂದಿನಷ್ಟೇ ಹೊತ್ತು ಆಡಲು ಕೂರದೆ, ಮೊದಲು ಅರ್ಧ ಗಂಟೆ, ಮರುದಿನ ಬೆಳಿಗ್ಗೆ ಕೈ ಹೇಗಿದೆಯೆಂದು ನೋಡಿಕೊಂಡು ಆಮೇಲೆ ಸ್ವಲ್ಪ ಹೆಚ್ಚು, ಹೀಗೆ ಏರಿಸುತ್ತಾ ಹೋಗಿ. ಬೆಳಿಗ್ಗೆ ಬಿಗಿತವೋ ನೋವೋ ಮತ್ತೆ ಕಂಡರೆ ಹಿಂದಿನ ಅವಧಿಗೇ ಇಳಿದು ಇನ್ನೊಂದೆರಡು ದಿನ ಅಲ್ಲಿಯೇ ನಿಲ್ಲಿ.

ನಮಸ್ಕಾರ.