ಮೊಳಕೆ ಬಂದ ಕಾಳಿನ ತೂಕ ಎಲ್ಲಿ ಹೋಗುತ್ತೆ?

[ತೆರೆಯ ಮೇಲೆ: ತಕ್ಕಡಿ, ಬಟ್ಟಲಲ್ಲಿ ಹೆಸರುಕಾಳು]

ರಾತ್ರಿ 50 ಗ್ರಾಂ ಹೆಸರುಕಾಳು ನೆನೆಹಾಕಿ, ಬೆಳಿಗ್ಗೆ ಬಸಿದು ತೂಗಿ. ಹೆಚ್ಚುಕಡಿಮೆ ಇಮ್ಮಡಿ ಆಗಿರುತ್ತೆ. ಬಟ್ಟೆಯಲ್ಲಿ ಕಟ್ಟಿಟ್ಟರೆ ಮೊಳಕೆ ಒಡೆದು ತೂಕ ಇನ್ನೂ ಏರುತ್ತೆ. ಕಾಳು ಬೆಳೆಯಿತು ಅನ್ನಿಸುತ್ತೆ. ಆದರೆ ಏರಿದ್ದು ನೀರಿನ ತೂಕ. ಆ ನೀರನ್ನು ತೆಗೆದು ನೋಡಿದರೆ ಕಾಳು ಕರಗಿರುತ್ತೆ.

[ಎರಡು ತಟ್ಟೆಗಳು ಪಕ್ಕಪಕ್ಕ]

ಒಂದೇ ಚೀಲದ ಕಾಳನ್ನು 25 ಗ್ರಾಂನಂತೆ ಎರಡು ಪಾಲು ಮಾಡಿ. ಒಂದನ್ನು ಹಾಗೇ ಓವನ್‌ನಲ್ಲಿ 105 ಡಿಗ್ರಿಗೆ ಒಣಗಿಸಿ. ಇನ್ನೊಂದನ್ನು ಕತ್ತಲಲ್ಲಿ ನಾಲ್ಕೈದು ದಿನ ಮೊಳಕೆ ಬರಿಸಿ, ಆಮೇಲೆ ಅದನ್ನೂ ಹಾಗೇ ಒಣಗಿಸಿ. ಒಂದು ಗಂಟೆ ಬಿಟ್ಟು ಮತ್ತೆ ತೂಗಿದಾಗ ಅಂಕಿ ಬದಲಾಗಬಾರದು, ಅಲ್ಲಿಯವರೆಗೂ ಒಣಗಬೇಕು. ಬಿಸಿಲಿಗೆ ಹಾಕಬೇಡಿ. ಒದ್ದೆ ಮೊಳಕೆ ಅಲ್ಲೂ ಉಸಿರಾಡುತ್ತಲೇ ಇರುತ್ತೆ, ಪೂರ್ತಿ ಒಣಗುವುದೂ ಇಲ್ಲ. ನೆನೆಸಿದ ನೀರನ್ನು ಚೆಲ್ಲುವುದು ಬಹಳ ಜನ ಮಾಡುವ ತಪ್ಪು. ಅದರಲ್ಲಿ ಕಾಳಿನ ಸಕ್ಕರೆ, ಲವಣ ಇಳಿದಿರುತ್ತೆ. ಆ ನೀರನ್ನೂ ಅದೇ ತಟ್ಟೆಯಲ್ಲಿ ಆರಿಸಿ.

ಮೊಳಕೆಯ ತಟ್ಟೆ ಹಗುರವಾಗಿರುತ್ತೆ. ಹೋದದ್ದು ಗಾಳಿಗೆ.

[ತೆರೆಯ ಮೇಲೆ: 180 + 192 = 264 + 108]

ಕಾಳಿನ ಪಿಷ್ಟ ಸಕ್ಕರೆಯಾಗಿ ಉರಿಯುತ್ತೆ. 180 ಗ್ರಾಂ ಗ್ಲೂಕೋಸ್‌ಗೆ 192 ಗ್ರಾಂ ಆಮ್ಲಜನಕ ಬೇಕು. ಹೊರಬರೋದು 264 ಗ್ರಾಂ ಕಾರ್ಬನ್ ಡೈಆಕ್ಸೈಡ್, 108 ಗ್ರಾಂ ನೀರು. ಎರಡು ಕಡೆಯೂ 372. ಗ್ಲೂಕೋಸ್‌ನಲ್ಲಿದ್ದ 72 ಗ್ರಾಂ ಇಂಗಾಲ ಒಂದು ಚೂರೂ ಉಳಿಯದೆ ಅನಿಲದ ಜೊತೆ ಹೋಯಿತು.

[ಗಾಜಿನ ಬಾಟಲಿ, ಒಳಗೆ ಪುಟ್ಟ ಬಟ್ಟಲು]

ಇದನ್ನು ಹಿಡಿಯೋಕೆ ಅರ್ಧ ಲೀಟರ್ ಗಾಜಿನ ಬಾಟಲಿ ತಗೊಳ್ಳಿ. ಐದು ಗ್ರಾಂ ಮೊಳಕೆಕಾಳು ಹಾಕಿ. ಎಲೆ ಅಡಿಕೆಗೆ ಬಳಸುವ ಸುಣ್ಣವನ್ನು ನೀರಲ್ಲಿ ಕದಡಿ, ತಿಳಿಯಾದ ಮೇಲಿನ ನೀರನ್ನು ಪುಟ್ಟ ಬಟ್ಟಲಲ್ಲಿ ಒಳಗಿಡಿ. ಮುಚ್ಚಳ ಬಿಗಿದು, 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ. ಮಾರನೇ ದಿನ ತಿಳಿನೀರಿನ ಮೇಲೆ ಹಾಲಿನ ಕೆನೆಯಂಥ ಬಿಳಿ ಪೊರೆ ಕಟ್ಟಿರುತ್ತೆ. ಕಾಳಿನ ಇಂಗಾಲ ಅದು, ಈಗ ಸುಣ್ಣದ ಕಲ್ಲಾಗಿದೆ. ಬಾಟಲಿಯ ತೂಕ ಮಾತ್ರ ನಿನ್ನೆಯದೇ.

ಪ್ಲಾಸ್ಟಿಕ್ ಬಾಟಲಿ ಬೇಡ. ಸುಣ್ಣ ಅನಿಲವನ್ನು ಹೀರಿಕೊಂಡಂತೆ ಅದು ಕುಗ್ಗುತ್ತೆ. 50 ಮಿಲಿಲೀಟರ್ ಕುಗ್ಗಿದರೂ ಸುತ್ತಲ ಗಾಳಿಯ ಎತ್ತುವ ಬಲ ಕಡಿಮೆಯಾಗಿ ತಕ್ಕಡಿ ಸುಮಾರು 0.06 ಗ್ರಾಂ ಜಾಸ್ತಿ ತೋರಿಸುತ್ತೆ. ಕಾಳನ್ನೂ ಹೆಚ್ಚು ತುಂಬಬೇಡಿ. ಅರ್ಧ ಲೀಟರ್ ಗಾಳಿಯಲ್ಲಿ ಆಮ್ಲಜನಕ ಇರೋದು ಸುಮಾರು 0.14 ಗ್ರಾಂ ಅಷ್ಟೇ. ಅದು ಮುಗಿದರೆ ಕಾಳು ಹುಳಿತು ನಾರುತ್ತೆ.

[ಬಿಸಿಲಲ್ಲಿ ಮರಳಿನ ಕುಂಡ]

ಇನ್ನು ವಾಪಸಿನ ದಾರಿ. ಇಪ್ಪತ್ತು ಕಾಳನ್ನು ತೊಳೆದ ಮರಳಿನಲ್ಲಿ ಬಿತ್ತಿ, ಬಿಸಿಲಲ್ಲಿಟ್ಟು ಬರೀ ನೀರು ಹಾಕಿ. ಮೂರು ವಾರಕ್ಕೆ ಕಿತ್ತು, ಬೇರಿನ ಮರಳು ತೊಳೆದು ಒಣಗಿಸಿ. ಈ ಸಲ ಒಣತೂಕ ಬಿತ್ತಿದ ಕಾಳಿಗಿಂತ ಹೆಚ್ಚು. ಮರಳಲ್ಲಿ ಇಂಗಾಲದ ಆಹಾರ ಇರಲಿಲ್ಲ. ಹತ್ತು ಸಾವಿರ ಪಾಲು ಗಾಳಿಯಲ್ಲಿ ನಾಲ್ಕು ಪಾಲಿನಷ್ಟಿರುವ ಕಾರ್ಬನ್ ಡೈಆಕ್ಸೈಡ್‌ನಿಂದ ಎಲೆ ಅದನ್ನು ಹೆಕ್ಕಿಕೊಂಡಿದೆ.